ಮ್ಯಾನೇಜ್‌ಮೆಂಟ್ ಸೀಟು

ನಾನು ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟಿನಲ್ಲಿ ಎಂ.ಟೆಕ್ ಸೇರಿದ ಸುದ್ದಿ ನಮ್ಮ ಮಾವನ ಬಾಯಿಂದ ನಮ್ಮೂರು ಕಲ್ಯದ ಟೀ ಅಂಗಡಿ ತಲುಪುವಷ್ಟರಲ್ಲಿ, ‘ಸೊಸೆಗೆ ಎಂಜಿನಿಯರಿಂಗ್‌ನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಸಿಕ್ಕಿದೆ’ ಎಂದಾಗಿತ್ತು. ಮ್ಯಾನೇಜ್‌ಮೆಂಟ್ ಸೀಟು ಎಂದರೆ ಮಾರ್ಕ್ಸ್ ಸಾಲದವರು ದುಡ್ಡು ಸುರಿದು ಹಿಡಿಯುವುದು ಎಂದು ಯಾರಿಗೆ ತಾನೇ ಗೊತ್ತಿಲ್ಲ? ಸಂಜೆ ಪಕ್ಕದ ಮನೆಯಾಕೆ ಬಂದು ತುಂಬ ಕನಿಕರದಿಂದ ಕೇಳಿದರು: “ಅಲ್ಲ ಕಣವ್ವ, ನೀನಾಗ್ಲೇ ಎಂಜಿನಿಯರ್ ಅಲ್ವಾ? ಆವಾಗ ಪಾಸಾಗಿರ್ನಿಲ್ವಾ?”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಜಗಲಿಗೆ ಹೋಗಿ ಮಾವನಿಗೆ ಬಿಡಿಸಿ ಹೇಳಿದೆ: ಇದು ಸೀಟಿನ ಹೆಸರಲ್ಲ, ಓದಿನ ಹೆಸರು, ಕೆಲಸವನ್ನೂ ಜನರನ್ನೂ ಮ್ಯಾನೇಜ್ ಮಾಡುವುದನ್ನು ಕಲಿಸುತ್ತಾರೆ. ಅವರು ಎಲೆ ಅಡಿಕೆ ಜಗಿಯುತ್ತ, “ಮ್ಯಾನೇಜ್ ಮಾಡಾದ್ನೂ ಓದ್ಬೇಕಾ? ನಾವೆಲ್ಲ ಓದ್ದಲೇ ಮ್ಯಾನೇಜ್ ಮಾಡ್ಕಂಡ್ ಬಂದಿಲ್ವಾ?” ಎಂದರು. ಅವರ ಮಾತಿನಲ್ಲಿ ಮ್ಯಾನೇಜ್ ಮಾಡುವುದೆಂದರೆ ಇದ್ದುದರಲ್ಲೇ ಹೇಗೋ ಸುಧಾರಿಸಿಕೊಂಡು ಹೋಗುವುದು. ನಿಜ ಹೇಳಬೇಕೆಂದರೆ ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ಬಿಡದಿಯ ಕಾರ್ಖಾನೆಯೊಂದರಲ್ಲಿ ನಾನು ಮೇಂಟೆನೆನ್ಸ್ ಎಂಜಿನಿಯರ್. ಕಾರಿನ ಬಾಗಿಲಿಗೆ ತಗಡು ಒತ್ತುವ ದೊಡ್ಡ ಪ್ರೆಸ್ ನಿಂತರೆ ಫೋನು ನನಗೇ. ಹಬ್ಬದ ದಿನ ಒಬ್ಬಟ್ಟು ತಟ್ಟುತ್ತಿದ್ದವಳು ಕೈ ತೊಳೆದು ಸ್ಕೂಟರ್ ಹತ್ತಿದ್ದೂ ಉಂಟು. ಮನೆಯಲ್ಲೂ ಅಷ್ಟೇ, ಬೋರ್‌ವೆಲ್ ಮೋಟರಿನಿಂದ ಮಿಕ್ಸಿಯವರೆಗೆ ಎಲ್ಲಕ್ಕೂ ನಾನೇ. ಗಂಡ ಸ್ಕ್ರೂಡ್ರೈವರ್ ಹಿಡಿದರೆ ಎರಡು ನಿಮಿಷ ನೋಡಿ ಕಿತ್ತುಕೊಳ್ಳುತ್ತಿದ್ದೆ. ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಾಗುವುದಿತ್ತು, ಈ ಡಿಗ್ರಿಯಿದ್ದರೆ ಅದು ನಿಮಗೇ ಎಂದು ಕಾರ್ಖಾನೆಯವರು ಹೇಳಿದ್ದರು. ಅದಕ್ಕೇ ಸೇರಿದೆ.

ಶನಿವಾರ, ಭಾನುವಾರ ಆನ್‌ಲೈನ್ ಕ್ಲಾಸು. ಮೊದಮೊದಲಲ್ಲೇ ಮೇಷ್ಟರು ಒಂದು ಪ್ರಶ್ನೆ ಕೊಟ್ಟರು: ನೀವಿಲ್ಲದೆ ನಿಮ್ಮ ವಿಭಾಗ ಎಷ್ಟು ದಿನ ನಡೆಯುತ್ತದೆ? ಅರ್ಧ ದಿನವೂ ನಡೆಯುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿದೆ.

“ಹಾಗಾದ್ರೆ ನೀವು ಮ್ಯಾನೇಜರ್ ಅಲ್ಲಮ್ಮ,” ಎಂದರು ಅವರು, “ಸ್ಪೇರ್ ಪಾರ್ಟ್.”

ಪರದೆಯ ಮೇಲಿನ ಅಷ್ಟೂ ಮುಖಗಳು ನಕ್ಕವು. ನಾನು ಕ್ಯಾಮೆರಾ ಆರಿಸಿ, ಆ ಮೇಷ್ಟರ ಏಳು ತಲೆಮಾರನ್ನೂ ಬೈದೆ. ಒಂದು ವಾರ ಕುದಿದ ಮೇಲೆ ಹೊಳೆಯಿತು, ಇಷ್ಟು ಉರಿಯುತ್ತಿರುವುದು ಅವರು ನಿಜ ಹೇಳಿದ್ದಕ್ಕೇ ಎಂದು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದನ್ನೇ ಆರಿಸಿಕೊಂಡೆ: ಪ್ರೆಸ್ ಕೆಟ್ಟರೆ ನನ್ನನ್ನು ಕರೆಯದೆ ತಂಡದವರೇ ರಿಪೇರಿ ಮಾಡುವಂತೆ ತಯಾರು ಮಾಡುವುದು. ಕಲಿಸುವುದು ಕಷ್ಟವಾಗಲಿಲ್ಲ. ಅವರು ಮಾಡುವಾಗ ಕೈ ಕಟ್ಟಿಕೊಂಡು ನಿಲ್ಲುವುದಿತ್ತಲ್ಲ, ಪ್ರಾಣ ಹೋಗುತ್ತಿತ್ತು.

ಕಡೆಯ ವೈವಾ ಒಂದು ಭಾನುವಾರ ಬೆಳಿಗ್ಗೆ. ಅದರಲ್ಲಿ ಬಿದ್ದರೆ ಡಿಗ್ರಿಯೂ ಮುಂದಕ್ಕೆ, ಮುಖ್ಯಸ್ಥರ ಜಾಗವೂ ಬೇರೆಯವರಿಗೆ. ಅವತ್ತು ಕಾರ್ಖಾನೆ ನಡೆಯುತ್ತಿತ್ತು. ಏನೇ ಆದರೂ ನೀವೇ ನೋಡಿಕೊಳ್ಳಿ ಎಂದು ತಂಡಕ್ಕೆ ಹೇಳಿದ್ದೆ. ಆದರೂ ನನ್ನ ಮೇಲೆ ನನಗೇ ನಂಬಿಕೆಯಿಲ್ಲದೆ, ಫೋನನ್ನು ಮಾವನ ಕೈಗೆ ಕೊಟ್ಟು ಜಗಲಿಯಲ್ಲಿ ಕೂರಿಸಿದೆ. ನಾನು ಒಳಗೆ ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ, ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲೇ.

ವೈವಾ ಅರ್ಧವಾಗಿರಬೇಕು, ಹೊರಗೆ ಫೋನು ಹೊಡೆದುಕೊಂಡಿತು. ಮಾವನ ದನಿ ಕಿಟಕಿಯಿಂದ ನೇರ ಕಿವಿಗೆ ಬಿತ್ತು.

“ಏನಪ್ಪ, ಪ್ರೆಸ್ ನಿಂತೋಯ್ತಾ? ಇಲ್ಲ ಕಣಪ್ಪ, ಫೋನ್ ಕೊಡಕಾಗಕಿಲ್ಲ. ಅವ್ಳು ಸೀಟಲ್ಲಿ ಕುಂತವ್ಳೆ. ನೀವೇ ಒಸಿ ಮ್ಯಾನೇಜ್ ಮಾಡ್ಕಳಿ.”

ಅರ್ಧ ಎದ್ದೇಬಿಟ್ಟಿದ್ದೆ. ಪಂಪಿರಬಹುದೇ, ವಾಲ್ವಿರಬಹುದೇ ಎಂದು ತಲೆ ಆಗಲೇ ಬಿಡದಿ ತಲುಪಿತ್ತು. ಅದೇ ಹೊತ್ತಿಗೆ ಪರೀಕ್ಷಕರು ಕೇಳಿದರು: “ಸರಿ, ಈಗ ಈ ಕ್ಷಣ ನಿಮ್ಮ ಪ್ರೆಸ್ ನಿಂತರೆ ಏನು ಮಾಡ್ತೀರಿ?”

“ನಿಂತಿದೆ ಸರ್,” ಎಂದೆ. “ಈಗಷ್ಟೇ ಫೋನ್ ಬಂತು. ನಾನು ಇಲ್ಲೇ ಕೂತಿರ್ತೀನಿ.”

ಹೇಳಿ, ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಆಮೇಲಿನ ಪ್ರಶ್ನೆಗಳಿಗೆ ಏನೇನು ಉತ್ತರ ಕೊಟ್ಟೆನೋ ದೇವರಿಗೇ ಗೊತ್ತು. ಪಾಸು ಎಂದರು. ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ, ಹೊರಗೋಡಿ ಮಾವನ ಕೈಯಿಂದ ಫೋನು ಕಿತ್ತು ಕಾರ್ಖಾನೆಗೆ ಕರೆ ಮಾಡಿದೆ.

“ಆಗ್ಲೇ ಓಡ್ತೈತೆ ಮೇಡಂ,” ಎಂದರು ನಮ್ಮ ಫಿಟ್ಟರ್. “ಆಯಿಲ್ ಸೀಲ್ ಹೋಗಿತ್ತು, ಹಾಕುದ್ವಿ. ಈಗ ಟೀ ಕುಡೀತಾ ಇದೀವಿ.”

ಖುಷಿಯಿಂದ ಕಣ್ಣು ತುಂಬಿತು. ಜೊತೆಗೆ ಒಳಗೆಲ್ಲೋ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ನಾನಿಲ್ಲದೆ, ಟೀ ಕುಡಿಯುವಷ್ಟು ಬೇಗ ಮುಗಿದುಹೋಗಬೇಕಿತ್ತೇ?

ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. “ಏನಾಯ್ತವ್ವ, ಸೀಟು ಸಿಕ್ತಾ?”

ಈ ಸಲ ನಾನು ತಿದ್ದಲು ಹೋಗಲಿಲ್ಲ.

“ಸಿಕ್ತು ಮಾವ,” ಎಂದೆ. “ಎದ್ದು ಓಡ್ದಲೇ ಅದ್ರಲ್ಲಿ ಕೂರಾದೇ ಕಷ್ಟ ಆಗಿದ್ದು.”