ಮ್ಯೂಸಿಯಂನಲ್ಲಿ ಓದಿದ ಚೀಟಿ

ಮೊನ್ನೆ ಇಲ್ಲಿ ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯ ಮಿಠಾಯಿ ಅಂಗಡಿಯ ಗಾಜಿನ ಮೇಲೆ ಒಬ್ಬಾತ ಕುಂಚ ಹಿಡಿದು ಹೆಸರು ಬರೆಯುತ್ತಿದ್ದ. ಆ ಪೇಂಟಿನ ವಾಸನೆಗೆ ಜಿಲೇಬಿ ಮರೆತು ನಿಂತೆನೆಂದರೆ ನನ್ನನ್ನು ಕಂಡವರು ಯಾರೂ ನಂಬುವುದಿಲ್ಲ, ನೀವಾದರೂ ನಂಬಿ. ನನಗೆ ಬಸುಮಾವನ ನೆನಪಾಗಿತ್ತು.

ಬಸುಮಾವ ನನ್ನ ತಾಯಿಯ ತಮ್ಮ. ಹುಬ್ಬಳ್ಳಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಕನ್ನಡ, ಇಂಗ್ಲಿಷ್, ಉರ್ದು ಮೂರರಲ್ಲೂ ಕೈ ಓಡುತ್ತಿತ್ತು. ಉರ್ದು ಓದಲು ಮಾತ್ರ ಬಾರದು. ಗಿರಾಕಿ ಕೊಟ್ಟ ಕಾಗದ ನೋಡಿ ಹಾಗೆಯೇ ದೊಡ್ಡದಾಗಿ ಇಳಿಸುತ್ತಿದ್ದ. ಫ್ಲೆಕ್ಸ್ ಬಂದು ಕೆಲಸ ನಿಂತ ಮೇಲೆ, ಎರಡು ಸಾವಿರದ ದಶಕದ ಕೊನೆಯಲ್ಲಿ, ನಮ್ಮನ್ನು ನೋಡಲು ಸಿಡ್ನಿಗೆ ಬಂದ. ಒಪೆರಾ ಹೌಸ್ ತೋರಿಸಿದರೆ "ಚಲೋ ಐತಿ" ಎಂದ. ಕಾಂಗರೂ ತೋರಿಸಿದರೂ ಅಷ್ಟೇ. ಇನ್ನೇನೂ ತೋಚದೆ ಮೆಲ್ಬರ್ನಿಗೆ ಕರೆದೊಯ್ದೆ.

ಅಲ್ಲಿ ಕೊರೆಯುವ ಗಾಳಿ. ಬೆಚ್ಚಗಿರಲೆಂದು ಹೊಕ್ಕ ಮ್ಯೂಸಿಯಂನಲ್ಲಿ ಟರ್ಕಿಯ ಆಟೊಮನ್ ಸುಲ್ತಾನರ ಕಾಲದ ಅಲಂಕಾರದ ಕೈಬರಹಗಳನ್ನು ಪ್ರದರ್ಶನಕ್ಕಿಟ್ಟಿದ್ದರು. ಹತ್ತು ನಿಮಿಷ ನೋಡಿ ಕಾಫಿಗೆ ಹೋಗೋಣವೆಂದು ನಾನಿದ್ದರೆ ಮಾವ ಮೊದಲ ಚೌಕಟ್ಟಿನೆದುರೇ ನಿಂತುಬಿಟ್ಟ. ದೋಣಿಯಂತೆ ಹೆಣೆದ ಅಕ್ಷರಗಳು. ಗಾಳಿಯಲ್ಲಿ ಬೆರಳಾಡಿಸುತ್ತ, "ನೋಡವಾ, ಇಲ್ಲಿ ಕೈ ಎತ್ತೇ ಇಲ್ಲ. ಇಲ್ಲಿ ಮಸಿ ತೀರೈತಿ, ಮತ್ತ ಅದ್ದ್ಯಾನ" ಎಂದ.

ಆ ಬೆರಳನ್ನೇ ನೋಡುತ್ತಿದ್ದ, ಎಪ್ಪತ್ತು ದಾಟಿದ ಟರ್ಕಿಯ ಹಿರಿಯರೊಬ್ಬರು, ನಿಮ್ಮವರಿಗೆ ಇದು ಓದಲು ಬರುತ್ತದೆಯೇ ಎಂದು ನನ್ನನ್ನು ಕೇಳಿದರು. ಇಲ್ಲವೆಂದೆ. ತನಗೂ ಬಾರದು, ತಾನು ಹುಟ್ಟುವ ಮೊದಲೇ ದೇಶದ ಲಿಪಿ ಅರಬ್ಬಿಯಿಂದ ಇಂಗ್ಲಿಷ್ ಅಕ್ಷರಗಳಿಗೆ ಬದಲಾಯಿತು ಎಂದು ನಕ್ಕರು. ಆಮೇಲೆ ಪಾಕೀಟಿನಿಂದ ಒಂದು ಹಳದಿ ಕಾಗದ ತೆಗೆದರು. ಅಜ್ಜನ ಕೈಬರಹ. ಯಾವುದೋ ಪ್ರಾರ್ಥನೆಯೆಂದು ಮನೆಯವರೆಲ್ಲ ನಂಬಿದ್ದರು. ಆಸ್ಟ್ರೇಲಿಯಾಕ್ಕೆ ಹೊರಟ ದಿನ ತಾಯಿ ಇವರ ಜೇಬಿಗಿಟ್ಟಿದ್ದಳು. ಮಡಿಕೆಗಳಲ್ಲಿ ಹರಿದು, ಇನ್ನೊಮ್ಮೆ ಮಡಚಿದರೆ ಅಕ್ಷರ ಉಳಿಯುವಂತಿರಲಿಲ್ಲ.

ಮಾವ ನನ್ನಿಂದ ಪೆನ್ಸಿಲು, ಕಾಗದ ಇಸಿದುಕೊಂಡು ಬೆಂಚಿನ ಮೇಲೆ ಕುಳಿತ. ಅರ್ಧ ಗಂಟೆ ತಲೆಯೆತ್ತದೆ, ಒಂದೊಂದು ಚುಕ್ಕೆಯನ್ನೂ ಬಿಡದೆ ನಕಲು ಮಾಡಿದ. ಪ್ರದರ್ಶನದ ವಿವರ ಹೇಳುತ್ತಿದ್ದ ಹೆಂಗಸು ಇಣುಕಿ ನೋಡಿ, ಆ ಲಿಪಿ ತನಗೆ ಗೊತ್ತು, ಓದಲೇ ಎಂದು ಅನುಮತಿ ಕೇಳಿದರು. ಹಿರಿಯರು ಕೈಕಟ್ಟಿ ನಿಂತರು.

ನಾಲ್ಕು ಸೋಪು. ದೀಪದ ಎಣ್ಣೆ. ಸಕ್ಕರೆ. ಹೆಂಡತಿಗೆ ಚಪ್ಪಲಿ, ಕೆಂಪು ಬಣ್ಣದ್ದು.

ಸಂತೆಯ ಚೀಟಿ. ನನಗೆ ನೆಲ ನೋಡುವಂತಾಯಿತು. ನಾವು ಬಾರದೇ ಇದ್ದಿದ್ದರೆ ಅವರ ಪ್ರಾರ್ಥನೆ ಪ್ರಾರ್ಥನೆಯಾಗಿಯೇ ಇರುತ್ತಿತ್ತಲ್ಲ. ಹಿರಿಯರು ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಅಜ್ಜಿಯನ್ನು ತಾನು ನೋಡಿಯೇ ಇಲ್ಲ, ಅವಳಿಗೆ ಕೆಂಪು ಇಷ್ಟವೆಂದು ಯಾರೂ ಹೇಳಿರಲಿಲ್ಲ ಎಂದು ಮೆಲ್ಲಗೆ ಹೇಳಿದರು. ಕಣ್ಣು ತುಂಬಿತ್ತು, ನಗುತ್ತಿದ್ದರು. ಮಾವನಿಗೆ ಕನ್ನಡದಲ್ಲಿ ವಿವರಿಸಿದೆ. ಅವನು ಆ ನಕಲನ್ನು ಎರಡೂ ಕೈಯಲ್ಲಿ ಅವರಿಗೆ ಕೊಟ್ಟ.

"ಓದಾಕ ಬರದಿದ್ರೂ ಬರೆದಿದ್ದು ಸಾರ್ಥಕ ಆತು ನೋಡವಾ" ಎಂದ ಹೊರಗೆ ಬಂದು. ಆ ಪ್ರವಾಸದಲ್ಲಿ ತನ್ನ ಬಗ್ಗೆ ಅವನಾಡಿದ ಮಾತು ಅದೊಂದೇ.

ಮೊನ್ನೆ ಜಿಲೇಬಿ ತೆಗೆದುಕೊಂಡು ಮನೆಗೆ ಬಂದವಳು, ಎಂದಿನಂತೆ ಮಗಳಿಗೆ ಫೋನಿನಲ್ಲಿ ಇಂಗ್ಲಿಷ್ ಮೆಸೇಜು ಕಳಿಸದೆ, ದಿನಸಿ ಪಟ್ಟಿಯನ್ನು ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಟ್ಟೆ. ಅವಳು ಚಿಕ್ಕಂದಿನಲ್ಲಿ ನಾಲ್ಕೇ ಭಾನುವಾರ ಕನ್ನಡ ಕ್ಲಾಸಿಗೆ ಹೋದವಳು. ಅಂಗಡಿಯಿಂದಲೇ ಫೋನು ಬಂತು: "ಅಮ್ಮಾ, ವಾಟ್ಸ್ ದ ಥರ್ಡ್ ಲೈನ್?"

ಹೇಳಲಿಲ್ಲ. ಕೂಡಿಸಿ ಓದು ಎಂದು ಕಾದೆ. ಆ ಕಡೆ ತಳ್ಳುಗಾಡಿಗಳ ಸದ್ದು, ಯಾರದೋ ಹಿಂದಿ. ಅದರ ನಡುವೆ ನನ್ನ ಮಗಳು, ಒಂದೊಂದೇ ಅಕ್ಷರ: "ಹ... ಸಿ... ಶುಂ... ಠಿ."