ದೇವರ ಜಗಲಿ ಏರಿದ ಆರೋಗ್ಯ ಪುಸ್ತಕ

ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗಲು ಹಗರಿಬೊಮ್ಮನಹಳ್ಳಿಯ ದಾಕ್ಷಾಯಣಮ್ಮನ ಹತ್ತಿರ ಇದ್ದದ್ದು ಒಂದೇ ತಕ್ಕಡಿ. ದೇವರ ಜಗಲಿಯ ಮೇಲೆ ಇಡುವಂತಿದ್ದರೆ ಒಳ್ಳೆಯದು, ಇಡಲು ನಾಚಿಕೆಯಾದರೆ ಕೆಟ್ಟದ್ದು. ಓದುವ ಗೋಜು ಆಮೇಲಿನದು. ವಚನ ಹಾಡಲು ಸೇರುವ ಅಕ್ಕನ ಬಳಗದ ಹೆಂಗಸರು ಏನು ಓದಬೇಕೆಂದು ಆಕೆಯನ್ನೇ ಕೇಳುತ್ತಿದ್ದರು, ಆಕೆ ಹೇಳಿದ ಮೇಲೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಊರಿಗೊಬ್ಬರಾದರೂ ಇಂಥವರು ಇದ್ದೇ ಇರುತ್ತಾರೆ. ನಮ್ಮನ್ನು ದೇವರೇ ಕಾಪಾಡಬೇಕು.

ಸೊಸೆ ಅರ್ಚನಾಳ ಪುಸ್ತಕ ಒಂದೂ ಈ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಮುಖಪುಟದಲ್ಲಿ ಸೆರಗು ಹಾರಿಸುತ್ತ ಓಡುವ ಹುಡುಗಿ, ಹಿಂದೆ ಗಂಡಸಿನ ನೆರಳು. ಒಳಗೆ ಪ್ರೀತಿ, ಕೊಲೆ, ಕೊನೆಯವರೆಗೂ ಪತ್ತೆಯಾಗದ ಕೊಲೆಗಾರ. ಅವನ್ನು ಅವಳು ಹಾಸಿಗೆಯ ಕೆಳಗೆ ಇಟ್ಟುಕೊಂಡು ಓದುತ್ತಿದ್ದಳು. ಅತ್ತೆಗೆ ಅದಕ್ಕಿಂತ ದೊಡ್ಡ ಕೊರಗು ಬೇರೆಯಿತ್ತು. ಅರ್ಚನಾಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಂಡರೆ ಬದುಕು, ಇಲ್ಲದಿದ್ದರೆ ಇಲ್ಲ. ಹೆತ್ತವರು ಮುಚ್ಚಿಡದೆ ಹೇಳಿಯೇ ಹೆಣ್ಣು ಕೊಟ್ಟಿದ್ದರು. ಆದರೂ ಮಕ್ಕಳಾಗದಿರುವುದು ಆ ಸೂಜಿಯಿಂದಲೇ ಎಂದು ದಾಕ್ಷಾಯಣಮ್ಮ ತೀರ್ಮಾನ ಮಾಡಿಬಿಟ್ಟಿದ್ದಳು.

ಆಗ ಕೈಗೆ ಸಿಕ್ಕಿದ್ದು ಒಂದು ಆರೋಗ್ಯ ಪುಸ್ತಕ. ಔಷಧಿಯ ಹಂಗಿಲ್ಲದೆ ಬಾಳುವುದು ಹೇಗೆ ಎಂಬುದು ಅದರ ವಿಷಯ. ಹಿಂಬದಿಯಲ್ಲಿ ಬರೆದವನ ಫೋಟೋ, ಹಣೆ ತುಂಬ ವಿಭೂತಿ. ಪುಸ್ತಕ ನೆಟ್ಟಗೆ ಜಗಲಿ ಏರಿತು, ಅದರ ಮೇಲೂ ಮೂರು ಬೆರಳಿನ ವಿಭೂತಿ ಬಿತ್ತು. ವಿಭೂತಿ ಬಿದ್ದ ಮೇಲೆ ಅದು ಪುಸ್ತಕವಲ್ಲ, ಅಪ್ಪಣೆ. ಸೂಜಿ ನಿಲ್ಲಿಸಿ ಅಮೃತಬಳ್ಳಿಯ ರಸ ಕುಡಿಯಬೇಕು ಎಂದು ಅದರಲ್ಲಿತ್ತು.

ಆ ಮನೆಯಲ್ಲಿ ಅದನ್ನು ಪೂರ್ತಿ ಓದಿದವಳು ಅರ್ಚನಾ ಒಬ್ಬಳೇ.

"ಅತ್ತಿ, ನನ್ನ ಕಾದಂಬರಿಯೊಳಗ ಯಾರು ಸಾಯ್ತಾರಂತ ಕಡೀತನಕ ಗೊತ್ತಾಗಂಗಿಲ್ಲ," ಅಂದಳು. "ಇದರಾಗ ಮೊದಲನೇ ಪುಟಕ್ಕನ ಗೊತ್ತಾಗತೈತಿ."

ಗಂಡ ಗವಿಸಿದ್ದೇಶ್ ಬೀಜ ಗೊಬ್ಬರದ ಅಂಗಡಿಯವನು. ಗಿರಾಕಿಗಳ ಜೊತೆ ಗಂಟೆಗಟ್ಟಲೆ ವಾದ ಮಾಡುವವನಿಗೆ ತಾಯಿಯ ಮುಂದೆ ನಾಲಿಗೆ ಬಿದ್ದುಹೋಗುತ್ತಿತ್ತು. ಇದೊಂದು ಶ್ರಾವಣ ಮಾಡಿ ನೋಡು ಎಂದು ಹೆಂಡತಿಗೇ ಹೇಳಿದ. ಮಗುವಿನ ಆಸೆ ಅವಳಿಗೂ ಇತ್ತು, ಒಪ್ಪಿದಳು. ಮೊದಲ ಸೋಮವಾರ ಅತ್ತೆ ಅವಳ ಕೈಯನ್ನು ಜಗಲಿಯ ಮೇಲಿನ ಪುಸ್ತಕಕ್ಕೆ ಮುಟ್ಟಿಸಿ ಆಣೆ ಮಾಡಿಸಿ, ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ನನ್ನು ಬಚ್ಚಲಿಗೆ ಸುರಿದಳು.

ಅರ್ಚನಾ ವಾಂತಿ ಮಾಡಿಕೊಂಡಳು. ವಿಷ ಹೊರಬೀಳುತ್ತಿದೆ ಎಂದಳು ಅತ್ತೆ, ಪುಸ್ತಕದಲ್ಲಿ ಹಾಗೇ ಇತ್ತು. ಕೊಡಗಟ್ಟಲೆ ನೀರು ಕುಡಿದಾಗ ಒಳಗೆಲ್ಲ ತೊಳೆಯುತ್ತಿದೆ ಎಂದಳು. ಆಮೇಲೆ ಅವಳ ಉಸಿರಿನಲ್ಲಿ ಮಾಗಿದ ಹಣ್ಣಿನ ವಾಸನೆ ಬಂತು. ಅದು ಇನ್ಸುಲಿನ್ ಇಲ್ಲದೆ ರಕ್ತವೇ ವಿಷವಾಗುವಾಗ ಬರುವ ವಾಸನೆ ಎಂದು ಯಾವ ನರ್ಸನ್ನು ಕೇಳಿದ್ದರೂ ಹೇಳುತ್ತಿದ್ದಳು. ದಾಕ್ಷಾಯಣಮ್ಮ ಬಳಗದ ಹೆಂಗಸರನ್ನು ಕರೆದು, ಸೊಸೆಯ ಉಸಿರು ಹೇಗೆ ಘಮಘಮ ಅನ್ನುತ್ತಿದೆ ನೋಡಿ ಎಂದು ಮೂಸಿಸಿದಳು. ಎರಡನೇ ಸೋಮವಾರ ಹೊಸಪೇಟೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅರ್ಚನಾ ಗಂಡನ ತೊಡೆಯ ಮೇಲೆಯೇ ತೀರಿಕೊಂಡಳು. ಹೃದಯ ನಿಂತಿತು ಎಂದು ಊರಿಗೆ ಹೇಳಿದರು. ಸತ್ತವರದೆಲ್ಲ ನಿಲ್ಲುತ್ತದೆ, ಸುಳ್ಳೇನಲ್ಲ.

ಶಿವಗಣಾರಾಧನೆಯ ಊಟಕ್ಕೆ ಬಂದವರಿಗೆ ಸತ್ತವರ ಹೆಸರಿನಲ್ಲಿ ಪುಸ್ತಕ ಹಂಚುವುದು ಈ ಕಡೆಯ ಪದ್ಧತಿ. ದಾಕ್ಷಾಯಣಮ್ಮ ಆರಿಸಿದ್ದು ಅದೇ ಆರೋಗ್ಯ ಪುಸ್ತಕವನ್ನು. ಅಷ್ಟು ಹೊಗಳಿದ್ದನ್ನು ಬಿಟ್ಟು ಬೇರೆ ಕೊಟ್ಟರೆ ಜನ ಯಾಕೆಂದು ಕೇಳುತ್ತಾರಲ್ಲ. ಹಡಗಲಿಯಿಂದ ಬಂದಿದ್ದ ಅರ್ಚನಾಳ ತಂಗಿ ಗೀತಾಂಜಲಿ, ಹಂಚುವುದೇ ಆದರೆ ಅಕ್ಕ ಮೆಚ್ಚಿದ ಕಾದಂಬರಿ ಹಂಚಿರಿ ಎಂದಳು.

"ಸತ್ತಾಕಿ ಹೆಸರಿಲೆ ಓಡಿಹೋಗೋ ಹುಡುಗೀರ ಕತಿ ಕೊಡಲೇನು?" ಎಂದಳು ದಾಕ್ಷಾಯಣಮ್ಮ. "ಅದನ್ನ ಓದಿ ಯಾರಿಗೆ ಏನು ಚೊಲೋ ಆಗೈತಿ?"

"ಅದನ್ನ ಓದಿ ಒಬ್ಬರರ ಸತ್ತಾರೇನ್ರಿ ಅತ್ತಿ?"

ಹಿರಿಯರು ಗೀತಾಂಜಲಿಯನ್ನೇ ಗದರಿಸಿ ಕೂರಿಸಿದರು. ಒಳಪುಟಕ್ಕೆ ಅರ್ಚನಾಳ ಫೋಟೋ ಅಂಟಿಸಿದ ಪುಸ್ತಕ ಉಂಡವರೆಲ್ಲರ ಕೈ ಸೇರಿತು.

ದಸರೆ ಕಳೆದ ಮೇಲೆ ತಂಬ್ರಹಳ್ಳಿಯಿಂದ ಚೌಡಕ್ಕ ಬಂದಳು. ಅಂಗಡಿಯ ಹಳೆಯ ಗಿರಾಕಿ, ಅಂದು ಊಟಕ್ಕೆ ಬಂದು ಪುಸ್ತಕ ಒಯ್ದವಳು. ಜೊತೆಗೆ ಶಾಲೆಗೆ ಹೋಗುವ ಮಗಳು ರೇಣುಕಾ. ಅವಳಿಗೂ ಅರ್ಚನಾಳದೇ ಕಾಯಿಲೆ, ಅದೇ ಸೂಜಿ. ಚೌಡಕ್ಕನಿಗೆ ಓದು ಬಾರದು, ಪಕ್ಕದ ಮನೆಯವರು ಓದಿ ಹೇಳಿದ್ದರು.

"ಡಾಕ್ಟರು ನಿಲ್ಸಬ್ಯಾಡ ಅಂತಾರ್ರಿ ಅಮ್ಮಾರ. ನೀವು ಸೊಸಿ ಹೆಸರಿಲೆ ಕೊಟ್ಟೀರಿ ಅಂದಮ್ಯಾಲೆ ಸುಳ್ಳು ಇರಂಗಿಲ್ಲ. ಹೇಳ್ರಿ, ನಿಲ್ಸಲೇನ್ರಿ?"

ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಟ್ಟರೆ ಅರ್ಚನಾ ಸತ್ತದ್ದು ಹೇಗೆಂದು ಹೇಳಿದ ಹಾಗೆ. ಇಷ್ಟು ದಾಕ್ಷಾಯಣಮ್ಮನಿಗೆ ಗೊತ್ತಿತ್ತು. ಪಾಪ, ತಿಳಿಯದೆ ಮಾಡಿದಳು ಎನ್ನುವವರ ಬಾಯಿಗೆ ಮಣ್ಣು ಬೀಳಲಿ. ಆಕೆ ಹುಡುಗಿಯನ್ನು ಹತ್ತಿರ ಕರೆದು ಹಣೆಗೆ ವಿಭೂತಿ ಹಚ್ಚಿದಳು.

"ನಿಲ್ಸವ್ವ," ಎಂದಳು. "ಶಿವ ಅದಾನ."

ಗವಿಸಿದ್ದೇಶ್ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ. ಅಮೃತಬಳ್ಳಿ ಎಲ್ಲಿ ಸಿಗುತ್ತದೆ ಎಂದು ಚೌಡಕ್ಕ ಅವನನ್ನು ಕೇಳಿದಳು. ಅವನು ರೇಣುಕಾಳ ಮುಖ ನೋಡಿದ, ತಾಯಿಯ ಮುಖ ನೋಡಿದ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ, ಬಳ್ಳಿ ಕೊಯ್ದು ಸಿಂಬಿ ಸುತ್ತಿ ತಂದು ಹುಡುಗಿಯ ಕೈಗೆ ಕೊಟ್ಟ.