ಕಾಕಲಿಯ ಸರದಿ

ಪುರುಷೋತ್ತಮನ ಕೈಹಿಡಿದು ಧಾರವಾಡದಿಂದ ಬಂದ ವಸುಂಧರಾ ಕೋಲ್ಕತ್ತದ ಬಾರಾನಗರದಲ್ಲಿ ನೆಲೆನಿಂತು ಬಹಳ ವರ್ಷಗಳಾಗಿದ್ದವು. ಗಂಡನಿಗೆ ಕೇಂದ್ರ ಸರ್ಕಾರದ ನೌಕರಿ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಓಣಿಯ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ನಗರದ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಕಾಲ್ ಸೆಂಟರುಗಳು ಒಂದರ ಹಿಂದೊಂದು ತೆರೆದ ಕಾಲದಲ್ಲಿ ಆ ಕೋಣೆ ತುಂಬಿಹೋಯಿತು. ಬಂಗಾಳಿ ಮಾಧ್ಯಮದಲ್ಲಿ ಓದಿದ ಹುಡುಗಿಯರು ವ್ಯಾಕರಣವನ್ನೆಲ್ಲ ಬಾಯಿಪಾಠ ಮಾಡಿದ್ದರು. ಮಾತಾಡು ಎಂದರೆ ಮಾತ್ರ ತಲೆ ತಗ್ಗಿಸುತ್ತಿದ್ದರು.

ವಸುಂಧರಾ ಬೋರ್ಡಿನ ಮುಂದೆ ನಿಲ್ಲುವುದನ್ನೇ ಬಿಟ್ಟಳು. ಅವರನ್ನು ಸಣ್ಣ ಗುಂಪು ಮಾಡಿ ಚಾಪೆಯ ಮೇಲೆ ಎದುರುಬದುರು ಕೂರಿಸಿದಳು. ಒಬ್ಬಳು ಕೇಳಬೇಕು, ಇನ್ನೊಬ್ಬಳು ಉತ್ತರಿಸಬೇಕು, ತಡವರಿಸಿದವಳಿಗೆ ಪಕ್ಕದವಳು ಪದ ಕೊಡಬೇಕು. ಎಲ್ಲರೂ ಮಾತಾಡುವ ತನಕ ಪಾಠ ಮುಂದೆ ಹೋಗುವಂತಿರಲಿಲ್ಲ. ಉಗ್ಗುತ್ತಿದ್ದ ಕಾಕಲಿ ತಿಂಗಳುಗಟ್ಟಲೆ ಬಾಯಿ ತೆರೆಯಲಿಲ್ಲ. ಅವಳ ಜೊತೆಗಾತಿ ಝುಂಪಾ, ಮುಚ್ಚಿಹೋದ ಸೆಣಬಿನ ಗಿರಣಿಯ ಕಾರ್ಮಿಕನ ಮಗಳು, ಬೇಸರಪಡದೆ ಕಾದಳು. ಕೇಳಿದ್ದನ್ನೇ ಬೇರೆ ಬೇರೆ ಬಗೆಯಲ್ಲಿ ಕೇಳಿದಳು. ಒಂದು ಸಂಜೆ ಕಾಕಲಿ ಇಲಿಶ್ ಮೀನಿಗೆ ಸಾಸಿವೆ ಅರೆದು ಹಾಕುವ ಬಗೆಯನ್ನು ಇಂಗ್ಲಿಷಿನಲ್ಲಿ ಕೊನೆಯ ತನಕ ಹೇಳಿದಾಗ ಗುಂಪಿನವರೆಲ್ಲ ಅವಳನ್ನು ತಬ್ಬಿಕೊಂಡರು.

ಆ ಚಳಿಗಾಲದಲ್ಲಿ ಕಾಕಲಿ, ಝುಂಪಾ ಇಬ್ಬರನ್ನೂ ವಸುಂಧರಾಳೇ ಒಂದು ಕಾಲ್ ಸೆಂಟರ್ ಕಂಪನಿಯ ಸಂದರ್ಶನಕ್ಕೆ ಕರೆದೊಯ್ದಳು. ಮೊದಲು ಗುಂಪು ಚರ್ಚೆ ಎಂದು ಕೇಳಿ ಅವಳಿಗೆ ಸಮಾಧಾನವಾಯಿತು. ತಾನು ಕಲಿಸಿದ್ದು ಅದನ್ನೇ ಅಲ್ಲವೇ?

ಒಳಗೆ ನಡೆದದ್ದನ್ನು ಮರಳುವ ಬಸ್ಸಿನಲ್ಲಿ ಝುಂಪಾ ಹೇಳಿದಳು. ಮೇಜಿನ ಸುತ್ತ ಕೂತವರು ಒಬ್ಬರ ಮಾತನ್ನು ಒಬ್ಬರು ಕತ್ತರಿಸುತ್ತಿದ್ದರಂತೆ. ಹೇಗೋ ಎಡೆ ಮಾಡಿಕೊಂಡ ಅವಳು ಒಂದೆರಡು ಮಾತು ಚೆನ್ನಾಗಿಯೇ ಆಡಿ, ರೂಢಿಯಂತೆ ಕಾಕಲಿಯ ಕಡೆ ತಿರುಗಿ, ನಿನಗೇನನ್ನಿಸುತ್ತದೆ ಎಂದು ಕೇಳಿ ಕಾದಳು. ಕಾಕಲಿಯ ತುಟಿ ಅಲುಗಿತು. ಅಷ್ಟರಲ್ಲಿ ಯಾರೋ ಒಬ್ಬ ಮಾತು ಕಿತ್ತುಕೊಂಡ. ಇಬ್ಬರಿಗೂ ಮತ್ತೆ ಸರದಿ ಬರಲಿಲ್ಲ. ಮುನ್ನುಗ್ಗುವ ಸ್ವಭಾವವಿಲ್ಲವೆಂದು ಝುಂಪಾಳನ್ನೂ ಕೈಬಿಟ್ಟರು.

"ನಾನು ಕಾಯಬಾರದಿತ್ತು, ದೀದಿ," ಎಂದಳು ಝುಂಪಾ. ಹಿಂದಿನ ಸೀಟಿನಲ್ಲಿದ್ದ ಕಾಕಲಿಗೆ ಅದು ಕೇಳಿಸಿತು.

ರಾತ್ರಿ ಊಟಕ್ಕೆ ಕೂತಾಗ ಪುರುಷೋತ್ತಮ, "ನೀ ಕಲಿಸಿದ್ದು ತಪ್ಪಲ್ಲ. ಆದ್ರ ಆ ಕಂಪನಿಯವರಿಗೆ ಬೇಕಾದ್ದು ಅದಲ್ಲ ನೋಡು," ಎಂದ. ವಸುಂಧರಾ ತಟ್ಟೆ ಸರಿಸಿ ಎದ್ದಳು.

ಸುದ್ದಿ ಓಣಿಯಲ್ಲಿ ಹರಡಿತು. ಹುಡುಗಿಯರು ಒಬ್ಬೊಬ್ಬರಾಗಿ, ಕಿವಿಗೆ ಹೆಡ್‌ಫೋನ್ ಹಾಕಿ ಅಮೆರಿಕದ ಉಚ್ಚಾರ ಕಲಿಸುವ ಕಡೆಗೆ ಹೋದರು. ಝುಂಪಾ ಸೀರೆ ಅಂಗಡಿ ಸೇರಿದಳು. ಉಳಿದವಳು ಕಾಕಲಿ ಒಬ್ಬಳೇ. ವಸುಂಧರಾ ತಾನೇ ಅವಳ ಎದುರು ಚಾಪೆಯ ಮೇಲೆ ಕೂತು ಪ್ರಶ್ನೆ ಕೇಳಿದಳು. ಹುಡುಗಿ ತಲೆ ಅಲ್ಲಾಡಿಸಿದಳೇ ಹೊರತು ಮಾತಾಡಲಿಲ್ಲ. ಆಮೇಲೆ ಬರುವುದನ್ನೂ ಬಿಟ್ಟಳು.

ಮನಸ್ಸು ತಡೆಯದೆ ವಸುಂಧರಾ ಒಮ್ಮೆ ಅವಳ ಮನೆಗೆ ಹೋದಳು. ಕಾಕಲಿ ಚಹಾ ತಂದಿಟ್ಟು ಗೋಡೆಗೊರಗಿ ನಿಂತಳು. ಈಗೀಗ ಮನೆಯಲ್ಲಿ ಬಂಗಾಳಿಯನ್ನೂ ಆಡುವುದು ಕಡಿಮೆ ಎಂದು ತಾಯಿ ಹೇಳಿದಳು. ವಸುಂಧರಾ ಕಪ್ಪನ್ನು ಕೆಳಗಿಟ್ಟಳು. ಏನು ಕೇಳಬೇಕೆಂದು ಅವಳಿಗೂ ತೋಚಲಿಲ್ಲ.